ಎರಡು ಹೊಳ್ಳೆಗಳ ನಡುವೆ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮೈಗೆ ತೂತು ಹಾಕುವ ಹಕ್ಕು ಹಿರಿಯರದು. ನನಗೆ ಮಾತು ಬರುವ ಮೊದಲೇ ಕಿವಿ ಚುಚ್ಚಿಸಿದ್ದರು. ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಊರಿನ ಆಚಾರ್ರು ಬಂದರು. ಅಜ್ಜಿ ನನ್ನ ತಲೆ ಹಿಡಿದುಕೊಂಡರು, ಚಿಕ್ಕಮ್ಮ ಕಾಲು ಹಿಡಿದುಕೊಂಡರು. ಆಚಾರ್ರು ಚಿನ್ನದ ತಂತಿಯಿಂದ ಎಡಮೂಗು ಚುಚ್ಚಿ, ತೆಂಗಿನಕಾಯಿ, ಎಲೆಯಡಿಕೆ, ದಕ್ಷಿಣೆ ಪಡೆದು ಹೊರಟರು. ನಾನು ಮೂರು ಬೀದಿಗೆ ಕೇಳುವಂತೆ ಕಿರುಚಿಕೊಂಡಿದ್ದೆ. ಅದಕ್ಕೆ ಶಾಸ್ತ್ರ ಎಂದು ಹೆಸರು. ಮುಂದೆ ಕಾಲೇಜಿಗೆ ಬಂದ ಮೇಲೆ ನಾನೇ ದುಡ್ಡು ಕೊಟ್ಟು, ಯಾರೂ ಹಿಡಿದುಕೊಳ್ಳದೆ, ತೆಪ್ಪಗೆ ಕೂತು, ಅದರ ಪಕ್ಕದಲ್ಲೇ, ಎರಡು ಹೊಳ್ಳೆಗಳ ನಡುವೆ, ಇನ್ನೊಂದು ಚುಚ್ಚಿಸಿಕೊಂಡೆ. ಅದಕ್ಕೆ ಕೊಬ್ಬು ಎಂದು ಹೆಸರು.

2021ರ ಮಾತು. ಬೆಂಗಳೂರಿನ ಪಿ.ಜಿ.ಯಲ್ಲಿದ್ದೆ. ಯಾಕೆ ಚುಚ್ಚಿಸಿಕೊಂಡೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಪ್ರೇಮಭಂಗವೇ, ಕೆಟ್ಟ ಸಹವಾಸವೇ, ಸಿನಿಮಾದ ಪ್ರಭಾವವೇ ಎಂದು ತಾವೇ ಉತ್ತರಗಳನ್ನೂ ಒದಗಿಸಿದರು. ಚೆನ್ನಾಗಿ ಕಾಣುತ್ತೆ ಅನ್ನಿಸಿತು ಎಂಬ ನನ್ನ ಉತ್ತರ ಮಾತ್ರ ಯಾರಿಗೂ ಸಾಲಲಿಲ್ಲ. ಎಡಮೂಗು ಚುಚ್ಚಿಸಿದ್ದೂ ಅದೇ ಕಾರಣಕ್ಕಲ್ಲವೆ?

ಮೊದಲ ಸಲ ಹೋದಾಗ ಅಂಗಡಿಯ ಹುಡುಗ ಆಧಾರ್ ಕಾರ್ಡ್ ನೋಡಿ, ಹದಿನೆಂಟು ತುಂಬಿಲ್ಲ, ಅಪ್ಪನ ಸಹಿ ತಗೊಂಡು ಬನ್ನಿ ಅಂದ. ಅವನ ಎರಡೂ ತೋಳಿನ ತುಂಬ ಹಚ್ಚೆ, ಹುಬ್ಬಿನಲ್ಲಿ ಒಂದು ಮೊಳೆ. ಅಂಥವನ ಬಾಯಲ್ಲಿ ಹೆಡ್‌ಮಾಸ್ಟರ ಮಾತು! ಅಪ್ಪನ ಸಹಿ ಸಿಗುವಂತಿದ್ದರೆ ಆಚಾರ್ರ ಹತ್ತಿರವೇ ಹೋಗುತ್ತಿದ್ದೆನಲ್ಲ ಎಂದು ಗೊಣಗಿಕೊಂಡು ಹಿಂದಿರುಗಿದೆ. ಹದಿನೆಂಟು ತುಂಬಿದ ಮೇಲೆ ಮತ್ತೆ ಹೋದೆ.

ಮೂಗಿನ ನಡುಗೋಡೆ ಎಂದರೆ ಮೂಳೆಗೇ ಬೈರಿಗೆ ಹಾಕುತ್ತಾರೆ ಎಂದು ಜನ ತಿಳಿದಿದ್ದಾರೆ. ಸೂಜಿ ಮೂಳೆಗೂ ಹೋಗುವುದಿಲ್ಲ, ಅದರ ಮುಂದಿನ ಮೆದುಮೂಳೆಗೂ ಹೋಗುವುದಿಲ್ಲ. ಮೆದುಮೂಳೆ ಮುಗಿದು ಮೂಗಿನ ತುದಿಯ ಕಡೆ ಬರುವಲ್ಲಿ ತೆಳ್ಳನೆಯ ಚರ್ಮದ ಒಂದಿಷ್ಟು ಜಾಗವಿದೆ. ಚುಚ್ಚುವುದು ಅಲ್ಲಿ. ಕೆಲವರಿಗೆ ಆ ಜಾಗ ಅಗಲ, ಕೆಲವರಿಗೆ ಹುಡುಕಬೇಕು. ಹುಡುಗ ಕೈಗವಸು ಹಾಕಿಕೊಂಡು ನನ್ನ ಹೊಳ್ಳೆಗಳಲ್ಲಿ ಬೆರಳಿಟ್ಟು ಅಮುಕಿ ಅಮುಕಿ ನೋಡಿದ. ಅಷ್ಟು ಗಮನವಿಟ್ಟು ನನ್ನ ಮೂಗನ್ನು ಹುಡುಗಿ ನೋಡಲು ಬಂದವರೂ ಮುಂದೆ ನೋಡಲಿಲ್ಲ. ಆಮೇಲೆ ಇಕ್ಕುಳ ಹಿಡಿದು, ಉಸಿರು ಎಳ್ಕೊಳ್ಳಿ, ಬಿಡಿ ಅಂದ. ಬಿಡುವಷ್ಟರಲ್ಲಿ 16 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಟೊಳ್ಳು ಸೂಜಿ ಆ ಕಡೆಯಿಂದ ಈ ಕಡೆಗೆ ಬಂದಿತ್ತು.

ನೋವು ಹೆಚ್ಚಿರಲಿಲ್ಲ. ಕಣ್ಣಲ್ಲಿ ಮಾತ್ರ ದಳದಳ ನೀರು. ಮೂಗಿನ ಒಳಗನ್ನು ಕೆಣಕಿದರೆ ಅಲ್ಲಿನ ನರ ಕಣ್ಣೀರಿನ ಗ್ರಂಥಿಯನ್ನು ಎಬ್ಬಿಸಿಬಿಡುತ್ತದೆ. ಮನಸ್ಸನ್ನು ಒಂದು ಮಾತೂ ಕೇಳುವುದಿಲ್ಲ. ನಾನು ಅಳ್ತಿಲ್ಲ ಎಂದು ಬಿಕ್ಕಳಿಸುವ ದನಿಯಲ್ಲಿ ಹೇಳಿದೆ. ಎಲ್ಲರೂ ಹಾಗೇ ಹೇಳ್ತಾರೆ ಅಂದ.

ರಿಂಗು ಕುದುರೆಯ ಲಾಳದ ಆಕಾರದ್ದು, ಎರಡು ತುದಿಗೂ ಗುಂಡು. ಆರೆಂಟು ವಾರ ಉಪ್ಪುನೀರಿನಲ್ಲಿ ತೊಳೆಯಬೇಕು, ಸುಮ್ಮಸುಮ್ಮನೆ ಮುಟ್ಟಬಾರದು. ಪಿ.ಜಿ.ಯ ಗೆಳತಿಯರು ಮೂಗುದಾರ ಬಂತು, ಇನ್ನು ಎತ್ತು ಗಾಡಿಗೆ ಸಿದ್ಧ ಎಂದರು. ಸಿಟ್ಟು ಬರಲಿಲ್ಲ. ಹೋರಿಗೆ ಮೂಗುದಾರ ಪೋಣಿಸುವುದೂ ಹೆಚ್ಚುಕಡಿಮೆ ಅಲ್ಲೇ. ಹೋರಿಯ ಒಪ್ಪಿಗೆ ಕೇಳುವುದಿಲ್ಲ ಅಷ್ಟೆ.

ಈ ಲಾಳಕ್ಕೆ ಬೇರೆ ಯಾವ ಒಡವೆಗೂ ಇಲ್ಲದ ಒಂದು ಗುಣವಿದೆ. ಗಾಯ ಮಾಗಿದ ಮೇಲೆ ಅದನ್ನು ಮೇಲಕ್ಕೆ ತಿರುಗಿಸಿದರೆ ಎರಡೂ ಗುಂಡು ಹೊಳ್ಳೆಗಳೊಳಗೆ ಹೋಗಿ ಕೂರುತ್ತವೆ. ಹೊರಗಿನವರಿಗೆ ಸುಳಿವೇ ಸಿಗುವುದಿಲ್ಲ. ಬಂಡಾಯವನ್ನು ಮಡಿಚಿ ಮೂಗಿನೊಳಗಿಟ್ಟುಕೊಂಡು ದೇವಸ್ಥಾನಕ್ಕೂ ಹೋಗಿಬರಬಹುದು. ಸಾಲದ್ದಕ್ಕೆ ಅದು ಮಾಸ್ಕಿನ ಕಾಲ. ಇಡೀ ದೇಶ ಮಾಸ್ಕನ್ನು ಬೈಯುತ್ತಿದ್ದಾಗ ಅದನ್ನು ಮನಸಾರೆ ಪ್ರೀತಿಸಿದವಳು ನಾನೊಬ್ಬಳೇ ಇರಬೇಕು. ದಸರೆಗೆ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನಿಂದ ಜಗಲಿಯವರೆಗೂ ಮಾಸ್ಕ್ ತೆಗೆಯಲಿಲ್ಲ. ಅಪ್ಪ ಅಕ್ಕಪಕ್ಕದ ಹುಡುಗರಿಗೆಲ್ಲ ನನ್ನನ್ನು ತೋರಿಸಿ, ನೋಡ್ರೋ, ಜವಾಬ್ದಾರಿ ಅಂದ್ರೆ ಹೀಗಿರ್ಬೇಕು ಅಂದರು.

ಕೆಟ್ಟಿದ್ದು ಮನೆಯೊಳಗೆ. ಮಾಸ್ಕ್ ತೆಗೆಯಲೇಬೇಕಾಯಿತು, ಲಾಳ ಒಳಗೆ ಹೋಯಿತು. ಒಳಗೆ ಹೋದ ಲಾಳ ಸುಮ್ಮನಿರುವುದಿಲ್ಲ, ಕಚಗುಳಿ ಇಡುತ್ತದೆ. ಒಬ್ಬಟ್ಟಿನ ಹೂರಣ ರುಬ್ಬುವಾಗ ಒಂದು ಸೀನು, ಮಂಗಳಾರತಿಗೆ ಎರಡು ಸೀನು, ಮಾತಿನ ನಡುವೆ ಸೊರಸೊರ. 2021ರಲ್ಲಿ ಬೆಂಗಳೂರಿನಿಂದ ಬಂದವಳು ಸೀನಿದರೆ ಏನಾಗಬೇಕೋ ಅದೇ ಆಯಿತು. ಚಿಕ್ಕಮ್ಮ ಮಕ್ಕಳನ್ನು ಎಳೆದುಕೊಂಡು ಹಿತ್ತಲಿಗೆ ಹೋದರು. ಊಟದ ಎಲೆ ನಡುಮನೆಯಿಂದ ಜಗಲಿಗೆ ಬಂತು. ಬೆಳಗಾಗುವುದರೊಳಗೆ ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟಿದ್ದರು.

ದಾರಿಯುದ್ದಕ್ಕೂ ನನ್ನ ಚಿಂತೆ ಒಂದೇ. ಪರೀಕ್ಷೆ ಮಾಡುವುದು ಗಂಟಲಿನಲ್ಲೋ ಮೂಗಿನಲ್ಲೋ? ಎರಡರಲ್ಲೂ ಅಂತೆ. ಲ್ಯಾಬಿನವರು ಹತ್ತಿಯ ಕಡ್ಡಿ ಹಿಡಿದು, ತಲೆ ಹಿಂದಕ್ಕೆ ಬಗ್ಗಿಸಮ್ಮ ಅಂದರು. ಬಗ್ಗಿಸಿದೆ. ಕಡ್ಡಿ ಒಳಗೆ ಹೋಗಿ ನಿಂತಿತು. ಮತ್ತೆ ಹೋಯಿತು, ಮತ್ತೆ ನಿಂತಿತು. ಅವರು ಮುಖದ ಮೇಲಿನ ಪ್ಲಾಸ್ಟಿಕ್ ಪರದೆ ಎತ್ತಿ ಬಗ್ಗಿ ನೋಡಿ, "ಸಾರ್, ಪಾಪುಗೆ ಮೂಗಲ್ಲೇನೋ ಸಿಕ್ಕಾಕ್ಕೊಂಡಿದೆ" ಎಂದು ಅಪ್ಪನನ್ನು ಕರೆದರು. ಬೇರೆ ದಾರಿಯೇ ಇರಲಿಲ್ಲ. ಎರಡು ಬೆರಳಿನಿಂದ ಲಾಳವನ್ನು ಕೆಳಗಿಳಿಸಿದೆ. ಅಪ್ಪ ಮಾತಾಡಲಿಲ್ಲ. ಲ್ಯಾಬಿನವರು ಮಾತ್ರ, ಈಗ ಸಲೀಸಾಯ್ತು ನೋಡಿ, ಎಂದು ಕೆಲಸ ಮುಗಿಸಿದರು.

ರಿಪೋರ್ಟು ನೆಗೆಟಿವ್ ಬಂತು. ಅದರಿಂದ ಮನೆಯಲ್ಲಿ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ.

ವಿಚಾರಣೆಗೆ ಅಧ್ಯಕ್ಷರು ದೊಡ್ಡಜ್ಜ, ನಿವೃತ್ತ ಹೆಡ್‌ಮಾಸ್ಟರು. ನಾನೂ ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ ತಯಾರಾಗಿದ್ದೆ. ನಡುಮೂಗಿನ ಒಡವೆ ಬುಲಾಕು, ನಮ್ಮದೇ ಸಂಪ್ರದಾಯ. ಕಸಿನ್ ರಂಗಪ್ರವೇಶದ ದಿನ ಇದೇ ಜಾಗಕ್ಕೆ ಕ್ಲಿಪ್ಪಿನ ಬುಲಾಕು ಸಿಕ್ಕಿಸಿಕೊಂಡಾಗ ನೀವೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿರಿ ಎಂದು ಶುರುಮಾಡಿದೆ. ಅಮ್ಮ ಪುರಂದರದಾಸರನ್ನು ಕರೆತಂದರು: ಆ ಮಹಾತಾಯಿ ಸರಸ್ವತಿ ಮೂಗುತಿ ಬಿಚ್ಚಿ ದಾನ ಕೊಟ್ಟಳು, ನೀನು ಸಿಕ್ಕಿಸಿಕೊಂಡು ಬಂದಿದ್ದೀಯ. ನಾನು ಕನ್ಯಾಕುಮಾರಿಯನ್ನು ಕರೆದೆ: ಅವಳ ಮೂಗುತಿಯ ವಜ್ರದ ಹೊಳಪು ಕಂಡು ನಾವಿಕರು ದೀಪಸ್ತಂಭವೆಂದು ಮೋಸಹೋದರೆಂಬ ಕತೆ ಕೇಳಿಲ್ಲವೆ? ನಿನ್ನ ಮೂಗಿಗೆ ಹಡಗು ಬಂದು ಬಡಿಯುವುದೊಂದು ಬಾಕಿ ಅಂದರು ಅಮ್ಮ. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸ ಪಿ.ಕೆ. ಗೋಡೆಯವರು ಮೂಗಿನ ಒಡವೆ ನಮ್ಮಲ್ಲಿಗೆ ಬಂದದ್ದೇ ಸುಮಾರು ಸಾವಿರ ವರ್ಷದೀಚೆಗೆ, ಅದಕ್ಕಿಂತ ಹಳೆಯ ಗ್ರಂಥಗಳಲ್ಲಿ ಅದರ ಸುದ್ದಿ ಸಿಗುವುದಿಲ್ಲ ಎಂದು ವಾದಿಸಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಬಗ್ಗೆ ಬಾಯಿ ಬಿಡಲಿಲ್ಲ. ಆ ಅಸ್ತ್ರ ಬಿಟ್ಟರೆ ಅಮ್ಮನ ಮೂಗುಬೊಟ್ಟಿನ ಜೊತೆ ನನ್ನ ಬುಲಾಕೂ ಹೋಗುತ್ತಿತ್ತು.

ದೊಡ್ಡಜ್ಜ ಗಂಟಲು ಸರಿಮಾಡಿಕೊಂಡರು. ದೇವರು ಕೊಟ್ಟ ಶರೀರದಲ್ಲಿ ಇರಬೇಕಾದಷ್ಟು ರಂಧ್ರಗಳಿವೆ, ಮನುಷ್ಯ ಹೊಸದಾಗಿ ಕೊರೆಯಬಾರದು ಎಂದು ಆರಂಭವಾದ ಭಾಷಣ ಶಿಸ್ತು, ಸಂಯಮ ದಾಟಿ ಗಾಂಧೀಜಿಯ ಹತ್ತಿರ ಬಂದಿತ್ತು. ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ, "ಭಾವ್ನೋರೆ, ನಿಮ್ಮ ಬಲಮೂಗಿಂದು ಮುಚ್ಕೊಂಡಿದ್ಯಾ?" ಅಂದರು.

ಭಾಷಣ ನಿಂತಿತು. ದೊಡ್ಡಜ್ಜನಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲವಂತೆ. ಇವರು ಹುಟ್ಟಿದಾಗ ಮೃತ್ಯುವಿನ ಕಣ್ಣು ತಪ್ಪಿಸಲು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪಣ್ಣ ಎಂದು ಕರೆದು, ಮೂಗು ಚುಚ್ಚಿಸಿದ್ದರು. ನಮ್ಮ ಕಡೆ ಹಿಂದೆ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಸರ್ಕಾರಿ ದಾಖಲೆಗಳಲ್ಲಿ ಒಳ್ಳೆಯ ಹೆಸರು ಬಂತು, ಮೀಸೆ ಬಂತು, ಹೆಡ್‌ಮಾಸ್ಟರಿಕೆ ಬಂತು. ಬಲಮೂಗಿನ ಚುಕ್ಕೆ ಅಲ್ಲೇ ಉಳಿದಿತ್ತು. ನಾವೆಲ್ಲ ಅದನ್ನು ಸಿಡುಬಿನ ಕಲೆ ಅಂದುಕೊಂಡಿದ್ದೆವು. ಚಿಕ್ಕಮ್ಮನ ಮಗ ಟಾರ್ಚ್ ತಂದ. ದೊಡ್ಡಜ್ಜ ಅವನಿಗೆ ಒಂದು ಕೊಟ್ಟು, ಸಂಧ್ಯಾವಂದನೆಗೆ ಹೊತ್ತಾಯಿತೆಂದು ಎದ್ದುಹೋದರು. ಆಗಿನ್ನೂ ಮಧ್ಯಾಹ್ನ ಮೂರು ಗಂಟೆ.

ಅಜ್ಜಿ ನನ್ನ ಪಕ್ಷ ವಹಿಸಿದರು ಎಂದುಕೊಂಡರೆ ತಪ್ಪು. ನನ್ನನ್ನು ಹತ್ತಿರ ಕರೆದು, ಲಾಳವನ್ನು ಉಗುರಿನಿಂದ ಮೀಟಿ ನೋಡಿ, "ಚಿನ್ನ ಅಲ್ವಲ್ಲೇ" ಅಂದರು. ಟೈಟಾನಿಯಂ ಅಜ್ಜಿ ಅಂದೆ. ಕಬ್ಬಿಣದ ಜಾತಿಯಾ ಅಂದರು. ವಿಮಾನಕ್ಕೆ ಹಾಕ್ತಾರೆ ಅಂದೆ. ವಿಮಾನಕ್ಕೇ ಹಾಕ್ಲಿ ಅಂದರು. ತೂತಾದ ಮೇಲೆ ಮನೆತನದ ಮರ್ಯಾದೆಗೆ ತಕ್ಕ ಹಾಗೆ ಮುತ್ತು ಇಳಿಬಿಟ್ಟ ಚಿನ್ನದ ಬುಲಾಕು ಮಾಡಿಸಲೇಬೇಕೆಂದು ಹಟ ಹಿಡಿದು, ಆಚಾರ್ರಿಗೆ ಫೋನ್ ಹಚ್ಚಿಸಿದರು. ಆಚಾರ್ರು ಆ ದಿನದ ಗ್ರಾಂ ಬೆಲೆ, ಕೂಲಿ, ಸವಕಲು, ಮುತ್ತು ಎಲ್ಲ ಸೇರಿಸಿ ಲೆಕ್ಕ ಹೇಳಿದರು. ಸ್ಪೀಕರಿನಲ್ಲಿ ಕೇಳುತ್ತಿದ್ದ ಅಪ್ಪ, ಆರೋಗ್ಯ ಕೇಂದ್ರದಿಂದ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಈ ಟೈಟಾನಿಯಂ ತುಕ್ಕು ಹಿಡಿಯಲ್ಲ ತಾನೆ? ಹಾಗಾದ್ರೆ ಅದೇ ಇರ್ಲಿ ಬಿಡು."