ಕೆರೆ ಕಡೆಗೆ

ನಮ್ಮ ಅತ್ತೆಯವರು ದೊಮ್ಮಲೂರಿನ ಹಳೇ ಊರಿನವರು. ಚೊಕ್ಕನಾಥಸ್ವಾಮಿ ದೇವಸ್ಥಾನದ ಗಂಟೆ ಕೇಳಿಸುವಷ್ಟು ದೂರದಲ್ಲಿ ಹುಟ್ಟಿ, ಅಷ್ಟೇ ದೂರದ ಇನ್ನೊಂದು ಮನೆಗೆ ಸೊಸೆಯಾಗಿ ಹೋದವರು. ಆ ಮನೆ ಈಗ ಮೂರು ಅಂತಸ್ತಾಗಿದೆ. ಕೆಳಗೆ ಅತ್ತೆಯವರು, ಮೊದಲ ಮಹಡಿಯಲ್ಲಿ ನಾವು, ಎರಡನೆಯದರಲ್ಲಿ ನನ್ನ ಷಡ್ಡಕನ ಸಂಸಾರ. ಭಾನುವಾರ ಬೆಳಗಿನ ಜಾವ ಐದೂವರೆಗೆ ಷಡ್ಡಕ ಕಾರಿನ ಡಿಕ್ಕಿಗೆ ಗಾಲ್ಫ್ ಬ್ಯಾಗ್ ತುರುಕುತ್ತಿದ್ದರೆ, ಅತ್ತೆಯವರು ಬಾಗಿಲಿಗೆ ನೀರು ಹಾಕುತ್ತಾ ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಾರೆ: "ಏನು ಅಳಿಯಂದ್ರೆ, ಕೆರೆ ಕಡೆ ಹೊರಟ್ರಾ?"

ಈ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥ ಇರುವುದು ನಿಮಗೂ ಗೊತ್ತು, ಹಾಲು ಹಾಕಲು ಬಂದ ಹುಡುಗನಿಗೂ ಗೊತ್ತು. ಆ ಕೆಲಸಕ್ಕೆ ಹಿಂದಿನವರು ಒಂದು ಚೊಂಬು ಒಯ್ಯುತ್ತಿದ್ದರು. ನಮ್ಮವನು ಹದಿನಾಲ್ಕು ಕೋಲು ಹೊತ್ತು ಹೋಗುತ್ತಾನೆ. ಹದಿನಾಲ್ಕಕ್ಕಿಂತ ಒಂದು ಕೋಲು ಹೆಚ್ಚಾದರೂ ದಂಡ ಬೀಳುತ್ತದಂತೆ.

ಅತ್ತೆಯವರು ಹಾಸ್ಯಕ್ಕೆ ಹೇಳುವುದಲ್ಲ, ಅವರ ಲೆಕ್ಕದಲ್ಲಿ ಅದು ವಿಳಾಸ. ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲಿದ್ದ ಚಲ್ಲಘಟ್ಟ ಕೆರೆಯ ಅಂಗಳದಲ್ಲೇ ಈಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹದಿನೆಂಟು ಕುಳಿಗಳ ಮೈದಾನ ಇರುವುದು. ಅದರ ಮಗ್ಗುಲಿನ ಟೆಕ್ ಪಾರ್ಕು ಕೂಡ ಗಾಲ್ಫ್ ಲಿಂಕ್ಸ್ ಅಂತಲೇ ಹೆಸರಿಟ್ಟುಕೊಂಡಿದೆ. ಕೆರೆ ಹೋದರೂ ಹೆಸರು ಹೋಗಿಲ್ಲ, ಜಲಮಂಡಳಿಯ ಕಾಗದಪತ್ರಗಳಲ್ಲಿ ಇವತ್ತಿಗೂ ಇದು ಕೋರಮಂಗಲ-ಚಲ್ಲಘಟ್ಟ ಕಣಿವೆ. ನಾವು ಬಚ್ಚಲಿಗೆ ಬಿಟ್ಟ ನೀರು ಈ ಕಣಿವೆಯಲ್ಲಿ ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೋಲಾರದ ಬೀಗರು ಮನೆಗೆ ಬಂದಾಗ ಆ ಸಂಬಂಧವನ್ನು ಯಾರೂ ಎತ್ತಬಾರದು ಅಂತ ನನ್ನ ಹೆಂಡತಿಯ ಕಟ್ಟಪ್ಪಣೆ.

ಹಾಗಾಗಿ ಅತ್ತೆಯವರಿಗೆ ಗಾಲ್ಫ್ ಆಡುವ ಜಾಗ ಯಾವುದಾದರೂ ಕೆರೆಯೇ. ಒಮ್ಮೆ ಹೈಗ್ರೌಂಡ್ಸ್ ಮೇಲೆ ಆಟೋದಲ್ಲಿ ಹೋಗುವಾಗ, 1876ರಷ್ಟು ಹಿಂದೆ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹುಲ್ಲು ಕಂಡು, "ಇದ್ಯಾವ ಕೆರೆ?" ಅಂದಿದ್ದರು. ಆದ್ದರಿಂದ ನಾನೀಗ ಹೇಳಹೊರಟ ಘಟನೆ ಯಾವ ಕ್ಲಬ್ಬಿನಲ್ಲಿ ನಡೆಯಿತು ಅನ್ನುವುದನ್ನು ಅತ್ತೆಯವರ ಮಾತಿನಿಂದ ಊಹಿಸಲು ಹೋಗಬೇಡಿ. ನಾನಂತೂ ಹೇಳುವುದಿಲ್ಲ. ನನ್ನ ಪ್ಯಾಂಟಿನ ಜೇಬಿನ ವಿಷಯ ಅದರಲ್ಲಿ ಬರುತ್ತದೆ.

ಸೆಪ್ಟೆಂಬರ್ ಕೊನೆಗೆ ಷಡ್ಡಕನ ಮೊಬೈಲಿಗೆ ಕ್ಲಬ್ಬಿನ ಆಹ್ವಾನ ಬಂತು. ಶರತ್ಕಾಲದ ಸದಸ್ಯರ ಪಂದ್ಯ. ಅದರ ಮೇಲೆ ಕಿತ್ತಳೆ ಬಣ್ಣದ, ಐದು ಬೆರಳಿನ ಎಲೆಯೊಂದು ತೇಲುತ್ತಿತ್ತು. ಅಂಥ ಎಲೆಯ ಮರ ಹಲಸೂರಿನಿಂದ ಕೆ.ಆರ್. ಪುರದವರೆಗೆ ಹುಡುಕಿದರೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಮರಗಳು ಎಲೆ ಉದುರಿಸುವುದು ಮಾಘದಲ್ಲಿ. ಆಶ್ವಯುಜದಲ್ಲಿ ನಮ್ಮಲ್ಲಿ ಉದುರುವುದು ಮಳೆ: ಹಸ್ತ ಮುಗಿಯುವ ಹೊತ್ತಿಗೆ ಚಿತ್ತಾ, ಚಿತ್ತಾ ಮುಗಿಸಿ ಸ್ವಾತಿ. ಇವುಗಳ ನಡುವೆ ಬಿಸಿಲು ಕಂಡ ಎರಡು ದಿನ ನೋಡಿಕೊಂಡು ನವರಾತ್ರಿ ಮಾಡಬೇಕು, ಗಾಲ್ಫ್ ಆಡಬೇಕು, ಒಗೆದ ಬಟ್ಟೆಯನ್ನೂ ಒಣಗಿಸಬೇಕು.

ನಾನು ಈ ಪಂದ್ಯಕ್ಕೆ ಸಿಕ್ಕಿಬಿದ್ದದ್ದು ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ದೆಸೆಯಿಂದ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತನ್ನು ನಮ್ಮ ಮೂರು ಮಹಡಿಯವರೂ ಅತ್ತೆಯವರ ಟೀವಿ ಮುಂದೆ ಕೂತು ನೋಡಿದ್ದೆವು. ಷಡ್ಡಕನನ್ನು ಬಿಟ್ಟರೆ ಯಾರಿಗೂ ಆಟ ಗೊತ್ತಿಲ್ಲ. ಐದು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದ ಕಡೆ ಚಲ್ಲಘಟ್ಟದ ಅಭ್ಯಾಸದ ಮೈದಾನ ಕಂಡು ಹಿಡಿದ ಕೋಲಂತೆ ಅದು, ಅನ್ನುವುದಷ್ಟೇ ಗೊತ್ತು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಾಗ ಅತ್ತೆಯವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆದರೆ ಅವರ ಮನಸ್ಸಿನಲ್ಲಿ ಕೂತದ್ದು ಬೇರೆ: ಆ ಹುಡುಗಿಯ ಚೀಲ ಹೊತ್ತು ನಡೆದದ್ದು ಅವಳ ತಾಯಿ. ಅದಕ್ಕೂ ಐದು ವರ್ಷ ಹಿಂದೆ ರಿಯೊದಲ್ಲಿ ಹೊತ್ತವರು ಅಪ್ಪ ಅಂತ ಷಡ್ಡಕ ಸೇರಿಸಿದ್ದೇ ತಪ್ಪಾಯಿತು. ಈ ಸಲ ಅವನ ಖಾಯಂ ಕ್ಯಾಡಿ ಹಬ್ಬಕ್ಕೆ ಊರಿಗೆ ಹೋದನೆಂದು ತಿಳಿದ ಕೂಡಲೇ ಅತ್ತೆಯವರು ತೀರ್ಮಾನ ಕೊಟ್ಟರು. "ಹೊರಗಿನವರ ಕೈಲಿ ಯಾಕೆ ಹೊರಿಸಬೇಕು? ಮನೆಯವರೇ ಹೊತ್ತರೆ ಒಳ್ಳೇದಾಗುತ್ತೆ. ದೊಡ್ಡ ಅಳಿಯಂದ್ರು ರಿಟೈರಾಗಿ ಸುಮ್ನೆ ತಾನೇ ಇರೋದು."

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದವನನ್ನು ಸುಮ್ನೆ ಇರೋನು ಅನ್ನಲು ಅತ್ತೆಯವರಿಗೆ ಮಾತ್ರ ಅಧಿಕಾರ.

ಶನಿವಾರ ರಾತ್ರಿ ಅಡುಗೆಮನೆಯಲ್ಲಿ ಷಡ್ಡಕ ನನಗೆ ಪಾಠ ಮಾಡಿದ. ಆಟ ಸ್ಟೇಬಲ್‌ಫೋರ್ಡ್ ಪದ್ಧತಿಯದು. ಒಂದು ಕುಳಿಯನ್ನು ನಿಗದಿಯಾದ ಹೊಡೆತಗಳಲ್ಲಿ ಮುಗಿಸಿದರೆ ಎರಡು ಅಂಕ, ಒಂದು ಹೆಚ್ಚಾದರೆ ಒಂದು, ಎರಡು ಹೆಚ್ಚಾದರೆ ಸೊನ್ನೆ, ಅದಕ್ಕಿಂತ ಎಷ್ಟೇ ಹಾಳಾದರೂ ಅದೇ ಸೊನ್ನೆ. 1932ರಲ್ಲಿ ಮೊದಲ ಸಲ ಪಂದ್ಯದಲ್ಲಿ ಬಳಕೆಗೆ ಬಂದ ಇದನ್ನು ಕಂಡುಹಿಡಿದ ಫ್ರಾಂಕ್ ಸ್ಟೇಬಲ್‌ಫೋರ್ಡ್ ಇಂಗ್ಲೆಂಡಿನ ಒಬ್ಬ ಡಾಕ್ಟರು. ರೋಗಿಗಳ ನಾಡಿ ಹಿಡಿದು ಹಿಡಿದು ಹೊಳೆದಿರಬೇಕು. ಇದಲ್ಲದೆ ಪ್ರತಿಯೊಬ್ಬನಿಗೂ ಒಂದು ಹ್ಯಾಂಡಿಕ್ಯಾಪ್ ಇರುತ್ತದೆ. ನಮ್ಮವನದು 24. ಅಂದರೆ ಇವನು ಸುಮಾರು ಇಪ್ಪತ್ನಾಲ್ಕು ಹೊಡೆತದಷ್ಟು ದಡ್ಡ ಅಂತ ಸಂಸ್ಥೆಯೇ ಲೆಕ್ಕ ಹಾಕಿ, ಆ ದಡ್ಡತನವನ್ನು ಮುಂಗಡವಾಗಿ ಮಾಫಿ ಮಾಡುತ್ತದೆ. 54ರವರೆಗೂ ಮಾಫಿ ಉಂಟಂತೆ. ನನಗೆ ಹೊಟ್ಟೆ ಉರಿಯಿತು. ಸಂಸಾರದಲ್ಲಿ ನನಗೆ ಯಾರು ಇಂಥದ್ದೊಂದು ಕೊಟ್ಟಿದ್ದಾರೆ? ಈರುಳ್ಳಿ ತರಲು ಮರೆತರೆ ಮೊದಲನೆಯ ಹೊಡೆತದಿಂದಲೇ ಲೆಕ್ಕ ಶುರು.

"ನಾಳೆ ನೋಡಿ ಭಾವ, ಮೊದಲನೆಯ ಡ್ರೈವೇ 220 ಗಜ ಹೋಗುತ್ತೆ," ಅಂದ. ಉತ್ತರನ ಪೌರುಷ ಒಲೆಯ ಮುಂದೆ ಅನ್ನುವ ಗಾದೆ ನೆನಪಾಯಿತು. ಅವನು ನಿಂತಿದ್ದದ್ದೂ ಒಲೆಯ ಮುಂದೆಯೇ, ಕೈಯಲ್ಲಿ ಸೌಟನ್ನು ಡ್ರೈವರ್ ಥರ ಹಿಡಿದುಕೊಂಡು.

ಬೆಳಗ್ಗೆ ಹೊಂಚು ಹಾಕಿದಂತೆ ಮೋಡ. ರಾತ್ರಿಯಿಡೀ ಚಿತ್ತಾ ಮಳೆ ಸುರಿದಿತ್ತು. ಶಾಟ್‌ಗನ್ ಸ್ಟಾರ್ಟ್ ಅಂದಾಗ ಯಾರೋ ಕೋವಿ ಹಾರಿಸುತ್ತಾರೆಂದು ಕಿವಿಗೆ ಬೆರಳಿಟ್ಟುಕೊಂಡು ನಿಂತೆ. ಕಾರ್ಖಾನೆ ಸೈರನ್ನಿನಂಥದ್ದೊಂದು ಕೂಗಿತು, ಅಷ್ಟೇ. ಹದಿನೆಂಟು ಕುಳಿಗಳ ಹತ್ತಿರವೂ ಹಂಚಿಕೊಂಡು ನಿಂತಿದ್ದ ತಂಡಗಳು ಒಟ್ಟಿಗೆ ಆಟ ಶುರುಮಾಡಿದವು. ನಮ್ಮ ಜೊತೆಗೆ ಒಬ್ಬ ನಿವೃತ್ತ ಕರ್ನಲ್ ಸಾಹೇಬರು. ಮಡಿಕೇರಿ ಕಡೆಯವರು. ಮೀಸೆಯ ಎರಡು ತುದಿಗಳೂ ಒಂದೇ ಅಳತೆ. ತಮ್ಮ ಚೆಂಡಿನ ಮೇಲೆ ಹಸಿರು ಶಾಯಿಯಲ್ಲಿ ಮೂರು ಚುಕ್ಕಿ ಇಟ್ಟಿದ್ದರು, ಗುರುತಿಗೆ. ಅವರ ಕ್ಯಾಡಿ ನನಗಿಂತ ಹಿರಿಯ, ಕಪ್ಪಗೆ, ಸಣ್ಣಗೆ. ನಾನು ಹೊಸಬ ಅಂತ ಬ್ಯಾಗ್ ಎತ್ತಿದ ಶೈಲಿಯಲ್ಲೇ ಅವನಿಗೆ ಗೊತ್ತಾಯಿತು.

"ಕ್ಯಾಡಿ ಕೆಲ್ಸ ಅಂದ್ರೆ ಚೀಲ ಹೊರೋದಲ್ಲ ಸಾರ್," ಅಂದ. "ನಮ್ ಮುನಿಯಪ್ಪ ಗೊತ್ತಲ್ಲ?" ಸಿ. ಮುನಿಯಪ್ಪ ಗೊತ್ತಿದ್ದರು: ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೆಳೆದು 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. ಗೊತ್ತು ಅಂದದ್ದರಿಂದ ನನ್ನ ಮರ್ಯಾದೆ ಒಂದು ಗೇಣು ಏರಿತು. ಹತ್ತು ನಿಮಿಷದ ಮಟ್ಟಿಗೆ.

ಷಡ್ಡಕ ಚೆಂಡಿನ ಮುಂದೆ ನಿಂತು ಗಾಳಿಗೆ ಐದು ಸಲ ಹೊಡೆದ. ಐದೂ ಸೊಗಸಾಗಿದ್ದವು. ಆರನೆಯದರಲ್ಲಿ ಚೆಂಡು ಇತ್ತು, ಹಾಗಾಗಿ ಕೆಟ್ಟಿತು. ನೇರ ಹೋಗಬೇಕಾದದ್ದು ಬಲಕ್ಕೆ ಹೊರಳಿ ಒಂದು ನೇರಳೆ ಮರವನ್ನು ಮಾತಾಡಿಸಿ ಅಲ್ಲೇ ಕೂತಿತು.

"ತಲೆ ಎತ್ಬಿಟ್ರಿ ಸಾರ್," ಅಂದ ಹಿರಿಯ ಕ್ಯಾಡಿ. ಆ ದಿನ ಇದೇ ಮಾತನ್ನು ಅವನು ಹನ್ನೊಂದು ಸಲ ಹೇಳಿದ, ನಾನು ಎಣಿಸಿದೆ. ತಲೆ ಎತ್ತಿ ಬಾಳು ಅಂತ ಹೇಳಿಕೊಟ್ಟ ನಮ್ಮ ಹೈಸ್ಕೂಲಿನ ಮೇಷ್ಟ್ರು ಗಾಲ್ಫ್ ಆಡಿದವರಲ್ಲ.

ಐದನೆಯ ಕುಳಿಯಲ್ಲಿ ವ್ಯಾಜ್ಯ ಹುಟ್ಟಿತು. ಅಲ್ಲೊಂದು ಕೊಳ. ಅದರ ಸುತ್ತ ಕೆಂಪು ಗೂಟ. ಗೂಟದೊಳಗೆ ಚೆಂಡು ಬಿದ್ದು, ಅದನ್ನು ಬಿಟ್ಟು ಹೊರಗಿನಿಂದ ಆಡಬೇಕಾದರೆ ಒಂದು ಹೊಡೆತ ದಂಡ. ಆದರೆ ಮಳೆಗೆ ಕೊಳ ಉಕ್ಕಿ ಗೂಟ ದಾಟಿ ನಾಲ್ಕು ಮಾರು ಆಚೆ ಬಂದಿತ್ತು. ಷಡ್ಡಕನ ಚೆಂಡು ಆ ಉಕ್ಕಿದ ನೀರಿನಲ್ಲಿ ಬೆಳ್ಳಗೆ ಕಾಣುತ್ತಿತ್ತು. ಕರ್ನಲ್ ಸಾಹೇಬರು ದಂಡ ಅಂದರು. ಷಡ್ಡಕ, ಗೂಟದ ಹೊರಗೆ ಉಕ್ಕಿದ್ದು ತಾತ್ಕಾಲಿಕ ನೀರು, ಪುಕ್ಕಟೆ ಎತ್ತಿಟ್ಟುಕೊಳ್ಳಬಹುದು ಅಂದ. ಗೂಟ ಎಲ್ಲಿದೆ ಅಂತ ತೋರಿಸು ಅಂದರೆ ಗೂಟವೇ ಮುಳುಗಿದೆ. ಹಿರಿಯ ಕ್ಯಾಡಿ ಪ್ಯಾಂಟ್ ಮಡಚಿ ನೀರಿಗಿಳಿದು ಕಾಲಲ್ಲೇ ತಡಕಿ "ಇಲ್ಲೈತೆ" ಅಂದ. ಕಮಿಟಿಯವರಿಗೆ ಫೋನ್ ಹೋಯಿತು. ತಾತ್ಕಾಲಿಕವೇ ಸರಿ ಅಂತ ತೀರ್ಪು ಬಂತು. ಅತ್ತೆಯವರು ಜೊತೆಯಲ್ಲಿದ್ದಿದ್ದರೆ ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ನೀರು ಖಾಯಂ ನಿವಾಸಿ, ಹುಲ್ಲಿನದೇ ಬಾಡಿಗೆ ವಾಸ.

ಇನ್ನು ನನ್ನ ಜೇಬಿನ ವಿಷಯ.

ಹದಿಮೂರನೆಯ ಕುಳಿಯ ಎಡಬದಿಗೆ ಆಕಾಶಮಲ್ಲಿಗೆ ಮರಗಳ ಸಾಲು. ಬೆಂಗಳೂರಿನ ಶರತ್ಕಾಲ ಅಂದರೆ ನನಗೆ ಆ ಮರವೇ. ಉದ್ದ ತೊಟ್ಟಿನ ಬಿಳಿ ಹೂ ರಾತ್ರಿ ಅರಳಿ ಬೆಳಗ್ಗೆ ಉದುರಿ, ನೆಲ ಕಾಣದಂತೆ ಹಾಸಿರುತ್ತದೆ. ಚಿಕ್ಕಂದಿನಲ್ಲಿ ಅದರ ತೊಟ್ಟು ಹೆಣೆದು ಜಡೆ ಮಾಡುತ್ತಿದ್ದ ಅಕ್ಕಂದಿರು ನೆನಪಾದರು. ಆ ವಾಸನೆಗೆ ಮರುಳಾಗಿ ಒಂದು ಹಿಡಿ ಹೂ ಆಯ್ದು ಜೇಬಿಗೆ ಹಾಕಿಕೊಂಡೆ, ಹೆಂಡತಿಗೆ ಅಂತ. ಹೂವಿನ ನಡುವೆ ಒಂದು ಗಾಲ್ಫ್ ಚೆಂಡೂ ಸಿಕ್ಕಿತು. ಯಾರೋ ಯಾವಾಗಲೋ ಕಳೆದುಕೊಂಡದ್ದಿರಬೇಕು, ಮೊಮ್ಮಗನಿಗಾಯಿತು ಅಂದುಕೊಂಡು ಅದನ್ನೂ ಹಾಕಿಕೊಂಡೆ.

ಎರಡು ನಿಮಿಷಕ್ಕೆ ಕರ್ನಲ್ ಸಾಹೇಬರು ಕೋಲು ಹಿಡಿದು ಬಂದರು. "ನನ್ನ ಚೆಂಡು ಇಲ್ಲೇ ಬಂತಲ್ಲ?"

ಕಳೆದ ಚೆಂಡು ಹುಡುಕಲು ಮೂರು ನಿಮಿಷ ಸಮಯ. ಹಿಂದೆ ಐದಿತ್ತಂತೆ, 2019ರಲ್ಲಿ ಕಡಿಮೆ ಮಾಡಿದರು. ನನ್ನ ಅನುಭವದಲ್ಲಿ ಮೂರೂ ಜಾಸ್ತಿಯೇ. ಷಡ್ಡಕ ಗಡಿಯಾರ ನೋಡುತ್ತಾ ನಿಂತ. ಕರ್ನಲ್ ಸಾಹೇಬರು ಹೂಗಳನ್ನು ಕೋಲಿನಿಂದ ಸರಿಸಿದರು. ಹಿರಿಯ ಕ್ಯಾಡಿ ಮಂಡಿಯೂರಿದ. ನಾನೂ ಬಗ್ಗಿ ಹುಡುಕಿದೆ, ಎಲ್ಲರಿಗಿಂತ ಶ್ರದ್ಧೆಯಿಂದ. ಮೊದಲನೆಯ ನಿಮಿಷದಲ್ಲಿ ನನಗೆ ನಿಜಕ್ಕೂ ಹೊಳೆದಿರಲಿಲ್ಲ. ಎರಡನೆಯ ನಿಮಿಷದಲ್ಲಿ ಜೇಬಿಗೆ ಕೈ ಹಾಕಿ, ಬೆರಳಿಗೆ ತಣ್ಣಗೆ ಹತ್ತಿದಾಗ ಹೊಳೆಯಿತು. ಆಗಲೇ ಒಪ್ಪಿಕೊಂಡಿದ್ದರೆ ಯಾರಿಗೂ ದಂಡವಿಲ್ಲದೆ ಚೆಂಡನ್ನು ಅದೇ ಜಾಗದಲ್ಲಿಟ್ಟು ಆಡಬಹುದಿತ್ತಂತೆ. ಆ ನಿಯಮ ನನಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಮಿಲಿಟರಿ ಮೀಸೆಯ ಮುಂದೆ ಜೇಬಿನಿಂದ ಚೆಂಡು ತೆಗೆಯುವುದಕ್ಕೆ ಬ್ಯಾಂಕಿನ ತರಬೇತಿ ಸಾಲದು. ಮೂರನೆಯ ನಿಮಿಷ ಮುಗಿಯಿತು.

ಸಾಹೇಬರು ಹಿಂದಕ್ಕೆ ಹೋಗಿ ಮತ್ತೊಂದು ಚೆಂಡಿನಲ್ಲಿ ಆಡಿ, ಆ ಕುಳಿಯಲ್ಲಿ ಸೊನ್ನೆ ಪಡೆದರು. ಗಾಲ್ಫ್ ಚೆಂಡಿನ ತೂಕ 46 ಗ್ರಾಮಿಗಿಂತ ಒಂಚೂರು ಕಡಿಮೆ ಅಂತ ಷಡ್ಡಕ ಹೇಳಿದ್ದ. ಉಳಿದ ಐದು ಕುಳಿಗಳ ಉದ್ದಕ್ಕೂ ನನ್ನ ಪ್ಯಾಂಟು ಎಡಕ್ಕೆ ವಾಲುತ್ತಿತ್ತು.

ಕೊನೆಗೆ ನೋಡಿದರೆ ಷಡ್ಡಕನಿಗೆ 31, ಸಾಹೇಬರಿಗೆ 30. ಆ ಒಂದು ಅಂಕದಿಂದ ಇವನಿಗೆ ತನ್ನ ವರ್ಗದಲ್ಲಿ ಮೂರನೆಯ ಬಹುಮಾನ: ಇಬ್ಬರು ನಿಲ್ಲುವಷ್ಟು ದೊಡ್ಡ ಛತ್ರಿ. ಸಾಹೇಬರು ಎದ್ದು ಬಂದು ಕೈ ಕುಲುಕಿದರು, ನನಗೂ ಕುಲುಕಿದರು. ಷಡ್ಡಕ ಖುಷಿಯಲ್ಲಿ, "ಆಯುಧಪೂಜೆ ಸಂಜೆ ಮನೆಗೆ ಬನ್ನಿ ಸಾರ್, ನಮ್ಮತ್ತೆ ಗೊಂಬೆ ಕೂರಿಸ್ತಾರೆ, ಮೇಡಮ್ಮನ್ನೂ ಕರಕೊಂಡು ಬನ್ನಿ," ಅಂದ.

ಮನೆಯಲ್ಲಿ ಹೆಂಡತಿ ಪ್ಯಾಂಟು ಒಗೆಯಲು ಹಾಕುವಾಗ ಬಾಡಿದ ಆಕಾಶಮಲ್ಲಿಗೆ ಕಂಡು ಮೆತ್ತಗಾದಳು. ಚೆಂಡು ಏನಾಯಿತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಆಯುಧಪೂಜೆಯ ದಿನ ಬೆಳಗ್ಗೆ ನಡುಮನೆಯಲ್ಲಿ ಈಳಿಗೆಮಣೆ, ಸ್ಕ್ರೂಡ್ರೈವರ್, ಮಿಕ್ಸಿ ಜಾರಿನ ಪಕ್ಕ ಹದಿನಾಲ್ಕು ಕೋಲುಗಳೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಗೋಡೆಗೊರಗಿದ್ದವು. ಮಗ್ಗುಲಲ್ಲಿ ಛತ್ರಿ, ಅದಕ್ಕೊಂದು ಚೆಂಡುಹೂವಿನ ಹಾರ. ಸಂಜೆ ಸಾಹೇಬರು ಸಪತ್ನೀಕರಾಗಿ ಬಂದರು. ಅತ್ತೆಯವರ ಗೊಂಬೆಗಳಲ್ಲಿ ಪಟ್ಟದ ಗೊಂಬೆ, ಶೆಟ್ಟರ ಅಂಗಡಿ, ದಶಾವತಾರ ಎಲ್ಲ ಇರುತ್ತವೆ. ಆದರೆ ಕೆಳಗಿನ ಮೆಟ್ಟಿಲ ಮುಂದೆ ಅವರು ಪ್ರತಿವರ್ಷ ತಪ್ಪದೆ ಮಾಡುವುದು ಒಂದು ಕೆರೆ. ಮುಖ ನೋಡುವ ಕನ್ನಡಿಯೇ ನೀರು. ಸುತ್ತ ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರು. ಏರಿಯ ಮೇಲೆ ಮಣ್ಣಿನ ಎತ್ತು, ಬಿಂದಿಗೆ ಹೊತ್ತ ಹೆಂಗಸು. ಕನ್ನಡಿಯ ಮೇಲೆ ಎರಡು ಬಾತುಕೋಳಿ.

"ಚಲ್ಲಘಟ್ಟ ಕೆರೆ," ಅಂದರು ಅತ್ತೆಯವರು. "ನಾನು ಚಿಕ್ಕೋಳಿದ್ದಾಗ ಹಿಂಗೇ ಇತ್ತು."

"ನಾವು ಆಡೋ ಜಾಗ ಇಷ್ಟು ಚೆನ್ನಾಗಿತ್ತಾ!" ಅಂದರು ಸಾಹೇಬರು. ಅಷ್ಟರಲ್ಲಿ ನನ್ನ ಮೊಮ್ಮಗ ಅವರ ಕೈ ಜಗ್ಗಿದ. "ತಾತಾ, ಬಾತುಕೋಳಿ ಮೊಟ್ಟೆ ನೋಡಿ."

ಪೈರಿನ ನಡುವೆ, ಬಾತುಕೋಳಿಯ ಬಾಲದ ಹಿಂದೆ, ಒಂದು ದುಂಡನೆಯ ಬಿಳಿ ಮೊಟ್ಟೆ ಇತ್ತು. ಸಾಹೇಬರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೀಸೆ ರಾಗಿಗೆ ತಾಗುವಷ್ಟು ಬಗ್ಗಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು.

"ಇದು ಎಲ್ಲಿ ಸಿಕ್ಕಿತಮ್ಮಾ?"

"ಅದಾ?" ಅಂದರು ಅತ್ತೆಯವರು, ಹೆಮ್ಮೆಯಿಂದ. "ಮೊನ್ನೆ ಭಾನುವಾರ ನಮ್ಮ ದೊಡ್ಡ ಅಳಿಯಂದ್ರು ಕೆರೆ ಕಡೆ ಹೋಗಿದ್ರಲ್ಲ, ಆಗ ತಂದ್ರು."

ಕಡಲೆಕಾಳಿನ ಉಸಲಿ ತರುತ್ತೇನೆಂದು ನಾನು ಅಡುಗೆಮನೆಗೆ ಎದ್ದೆ.