ಪಲ್ಯಕ್ಕೆ ಒದಗದ ಕುಂಬಳಕಾಯಿ

ಸೆಪ್ಟೆಂಬರ್ ಮುಗಿಯುತ್ತ ಬಂತೆಂದರೆ ಅಮೆರಿಕದಲ್ಲಿ ಮನೆಮನೆಯ ಬಾಗಿಲಿಗೂ ಕುಂಬಳಕಾಯಿ ಬಂದು ಕೂರುತ್ತದೆ. ಮಗಳ ಮನೆ ಇರುವುದು ಚಿಕಾಗೋದ ಹೊರವಲಯದಲ್ಲಿ. ಸಂಜೆ ವಾಕಿಂಗ್ ಹೊರಟರೆ ನಮ್ಮವರು ಬಣ್ಣ ತಿರುಗಿದ ಮೇಪಲ್ ಮರಗಳನ್ನು ನೋಡುತ್ತಾರೆ, ನಾನು ಕುಂಬಳಕಾಯಿ ಎಣಿಸುತ್ತೇನೆ. ಮೆಟ್ಟಿಲಿಗೆ ಎರಡರಂತೆ ಇಟ್ಟವರಿದ್ದಾರೆ, ಬಾಗಿಲ ಎಡಬಲಕ್ಕೆ ಒಂದರ ಮೇಲೊಂದು ಮೂರು ಪೇರಿಸಿದವರಿದ್ದಾರೆ. ಜಗಲಿಯ ಕಂಬಕ್ಕೆ ಒಣಗಿದ ಮುಸುಕಿನ ಜೋಳದ ದಂಟು ಕಟ್ಟಿ, ಬುಡದಲ್ಲಿ ಕುಂಡದ ತುಂಬ ಸೇವಂತಿಗೆ ಇಟ್ಟಿರುತ್ತಾರೆ. “ಇವರೂ ಆಯುಧಪೂಜೆ ಮಾಡ್ತಾರೇನ್ರೀ?” ಅಂದೆ. ಬಾಳೆಕಂದಿನ ಜಾಗಕ್ಕೆ ಜೋಳದ ದಂಟು ಬಂದಿದೆ, ಉಳಿದದ್ದೆಲ್ಲ ಸರಿಯಾಗಿಯೇ ಇದೆ. ಒಂದಿಷ್ಟು ಕಡ್ಲೆಪುರಿ ಹಂಚಿದರೆ ಮುಗಿಯಿತು.

ಅಡುಗೆ ಮಾಡುವವಳ ಕಣ್ಣು ಕುಂಬಳಕಾಯಿಯ ಮೇಲೆ ಬಿದ್ದರೆ ಅಲಂಕಾರ ಕಾಣುವುದಿಲ್ಲ, ಹೋಳು ಕಾಣುತ್ತದೆ. ಎದುರುಮನೆಯ ಜಗಲಿಯಲ್ಲಿ ಇದ್ದಷ್ಟು ಕಾಯಿಯಲ್ಲಿ ನಮ್ಮ ಸಾಗರದ ಕಡೆ ಒಂದು ಉಪನಯನದ ಊಟ ನಡೆದುಹೋಗುತ್ತದೆ. ಹುಳಿ, ಪಲ್ಯ, ಸಾಸಿವೆ, ಮಾರನೆಯ ದಿನಕ್ಕೆ ಕಡುಬು. ಸಿಪ್ಪೆಗೆ ಚಟ್ನಿಯ ಯೋಗ, ಬೀಜ ಹುರಿದರೆ ಮಕ್ಕಳ ಜೇಬಿಗೆ. ಅಂಥದ್ದನ್ನು ಬಿಸಿಲಿಗೆ, ಇಬ್ಬನಿಗೆ ಇಟ್ಟು ಕೊಳೆಯಿಸುವುದೆಂದರೆ!

“ಅಮ್ಮ, ಅದು ಹುಳಿಗೆ ಆಗೋ ಕಾಯಲ್ಲ” ಎಂದಳು ಮಗಳು. ಒಂದನ್ನು ಬೇಯಿಸಿ ನೋಡಿದೆ. ಅವಳು ಹೇಳಿದ್ದು ನಿಜ. ಹೋಳೆಲ್ಲ ನೀರಾಗಿ ನಾರು ಮಾತ್ರ ಸೌಟಿಗೆ ಬಂತು. ಇಲ್ಲಿ ಮುಖ ಕೆತ್ತುವ ಕಾಯಿಗೆ ಪ್ರತ್ಯೇಕ ತಳಿಗಳೇ ಇವೆ. ಅವುಗಳಲ್ಲಿ ಹೆಸರಾದದ್ದು ಹೌಡನ್. ಮೆಸಾಚುಸೆಟ್ಸ್‌ನ ಜಾನ್ ಹೌಡನ್ ಎಂಬ ರೈತ ಆರಿಸಿ ಆರಿಸಿ ರೂಢಿಸಿದ್ದು. ದಪ್ಪ ತೊಟ್ಟು, ಗಾಢ ಕೇಸರಿ, ಅಲ್ಲಾಡದೆ ಕೂರುವ ತಳ. ರೂಪಕ್ಕೆ ಇಷ್ಟೆಲ್ಲ ಗಮನ ಕೊಟ್ಟ ಮೇಲೆ ರುಚಿಯನ್ನೂ ಕೇಳುವುದು ಅತ್ಯಾಸೆ. ತಿನ್ನುವುದಕ್ಕೆ ಬೇರೆಯದೇ ಇದೆ, ಡಿಕಿನ್ಸನ್ ಅಂತ. ಉದ್ದುದ್ದ, ಮಾಸಲು ಕಂದು, ನೋಡಲು ಏನೂ ಚೆಂದವಿಲ್ಲ. ನಮ್ಮ ಸಂತೆಯ ಸಿಹಿಗುಂಬಳದ ಹತ್ತಿರದ ನೆಂಟ. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕುಂಬಳ ಬೆಳೆಯುವುದು ಇದೇ ಇಲಿನಾಯ್ ರಾಜ್ಯ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಮಾರ್ಟನ್ ಎಂಬ ಊರಿನ ಕಡೆ ಕಾರ್ಖಾನೆ ಸೇರಿ, ಡಬ್ಬಿಯಾಗಿ ಹೊರಬರುತ್ತದೆ. ಹಾಗಾಗಿ ಬಾಗಿಲ ತುಂಬ ಕುಂಬಳಕಾಯಿ ಇಟ್ಟುಕೊಂಡವರು ಪೈ ಮಾಡಲು ಅಂಗಡಿಯಿಂದ ಡಬ್ಬಿ ತರುತ್ತಾರೆ. ನನಗೆ ಇದು ಅರ್ಥವಾಗಿದೆ, ಆದರೆ ಒಗ್ಗಿಲ್ಲ.

ಇನ್ನು ಕೆತ್ತುವ ಸಂಭ್ರಮ. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ತಾಗಿಸುವಂತಿಲ್ಲ. ಗಂಡಸು ಒಡೆದು ಕೊಟ್ಟ ಮೇಲೆಯೇ ನಾವು ಹೆಚ್ಚಲು ಕೂರುವುದು. ಮದುವೆಯಾದಾಗಿನಿಂದ ನಮ್ಮವರು ಅಡುಗೆಮನೆಗೆ ಸಲ್ಲಿಸಿದ ಸೇವೆ ಎಂದರೆ ಅದೊಂದೇ. ಪೇಪರ್ ಮಡಿಸಿಟ್ಟು, ಪಂಚೆ ಎತ್ತಿ ಕಟ್ಟಿ, ಗಂಟಲು ಸರಿಮಾಡಿಕೊಂಡು ಬರುತ್ತಿದ್ದರು. ಒಂದು ಏಟು ಹಾಕಿ, ಕಾಫಿ ಕೇಳಿ ಹೋಗುತ್ತಿದ್ದರು. ಇಲ್ಲಿ ಅವರು ಎದ್ದು ಬರುವಷ್ಟರಲ್ಲಿ ಮೊಮ್ಮಗಳು ಪುಟ್ಟ ಗರಗಸ ಹಿಡಿದು ಕಾಯಿಯ ತಲೆ ತೆಗೆದಾಗಿತ್ತು. “ಅಜ್ಜಾ, ಮೂಗು ತ್ರಿಕೋನ ಇರ್ಲಾ, ಚೌಕ ಇರ್ಲಾ?” ಒಂದೇ ಗಳಿಗೆಯಲ್ಲಿ ಅಧಿಕಾರ ಹೋದ ಮಂತ್ರಿಯ ಹಾಗೆ ನಿಂತರು. ಕೊನೆಗೆ ಒಳಗಿನ ತಿರುಳು ಕೆರೆದು ತೆಗೆಯುವ ಕೆಲಸ ಸಿಕ್ಕಿತು. ಮೊಣಕೈವರೆಗೂ ನಾರು ಮೆತ್ತಿಕೊಂಡು ಮಾಡಿದರು.

ಅಳಿಯ ಹೇಳುವ ಪ್ರಕಾರ ಇದು ಐರ್ಲೆಂಡಿನವರು ತಂದ ಪದ್ಧತಿ. ಅಲ್ಲಿ ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದವರಿಗೆ ಇಲ್ಲಿ ದೊಡ್ಡದೂ ಮೆತ್ತಗಿನದೂ ಆದ ಕುಂಬಳ ಸಿಕ್ಕಿತು. ಗೆಡ್ಡೆಯನ್ನು ಬಗೆದು ದೆವ್ವದ ಮುಖ ಮಾಡಿದವರ ಮಣಿಕಟ್ಟು ನೆನೆದರೆ ಈ ಬದಲಾವಣೆಗೆ ಯಾರೂ ತಕರಾರು ಎತ್ತುವಂತಿಲ್ಲ. ಐರ್ಲೆಂಡಿನ ಮ್ಯೂಸಿಯಂನಲ್ಲಿರುವ ಅಂಥ ಟರ್ನಿಪ್ ಮುಖವೊಂದರ ಚಿತ್ರ ತೋರಿಸಿದ. ಸುಕ್ಕುಗಟ್ಟಿದ ಕೆನ್ನೆ, ಮುರುಕು ಹಲ್ಲು. ಅದರ ಮುಂದೆ ನಮ್ಮ ಬೆಂಗಳೂರಿನ ಹೊಸ ಕಟ್ಟಡಗಳ ಮುಂದೆ ಮೀಸೆ ಬರೆಸಿಕೊಂಡು ತೂಗುವ ಬೂದುಗುಂಬಳ ಪಾಪದ ಪ್ರಾಣಿ.

ಕೆತ್ತುವುದು ಹಳೆಯ ಫ್ಯಾಷನ್ ಎನ್ನುವವರೂ ಬೀದಿಯಲ್ಲಿದ್ದಾರೆ. ಒಬ್ಬರು ಡ್ರಿಲ್ಲಿಂಗ್ ಮೆಷಿನ್ ತಂದು ಕಾಯಿಯ ಮೈತುಂಬ ತೂತು ಕೊರೆದು ಒಳಗೆ ದೀಪ ಇಟ್ಟಿದ್ದರು. ಕತ್ತಲಾದ ಮೇಲೆ ಗೋಡೆಯೆಲ್ಲ ಚುಕ್ಕಿ. ಅದನ್ನು ನಾನೂ ಮನಸಾರೆ ಮೆಚ್ಚಿದೆ. ಇನ್ನೊಬ್ಬರು ಒಳಗೆ ಪಾತ್ರೆ ಇಳಿಸಿ ಹೂದಾನಿ ಮಾಡಿದ್ದರು. ಲುಮಿನಾ ಎಂಬ ಬಿಳಿಯದು, ಆಸ್ಟ್ರೇಲಿಯಾ ಮೂಲದ ಜಾರಾಡೇಲ್ ಎಂಬ ಬೂದು ನೀಲಿಯದು ಈಗ ರಸಿಕರ ಆಯ್ಕೆಯಂತೆ. ಒಂದು ಮನೆಯ ಮುಂದೆ ಹಸಿರು ಬೆರೆತ ನೀಲಿ ಬಣ್ಣ ಬಳಿದ ಕಾಯಿ ಇತ್ತು. ಇದೇನು ವಿಕಾರ ಎಂದುಕೊಂಡರೆ, ಅದಕ್ಕೊಂದು ಅರ್ಥವಿತ್ತು. ಕಡಲೆಕಾಯಿ, ಹಾಲು ಮುಂತಾದ್ದು ಆಗಿಬಾರದ ಮಕ್ಕಳು ಹ್ಯಾಲೋವೀನ್ ರಾತ್ರಿ ಬಂದರೆ ಇಲ್ಲಿ ತಿಂಡಿಯ ಬದಲು ಆಟಿಕೆ ಕೊಡುತ್ತೇವೆ ಎಂಬ ಗುರುತು. ದೇಶದಾದ್ಯಂತ ಇದು ಶುರುವಾದದ್ದು 2014ರಲ್ಲಂತೆ. ಅಲಂಕಾರದಲ್ಲಿ ಇಷ್ಟು ಉಪಕಾರ ಇದ್ದರೆ ಬಣ್ಣ ಹೇಗಿದ್ದರೇನು?

ನಮ್ಮ ಮನೆಯಲ್ಲಿ ನವರಾತ್ರಿಯ ಗೊಂಬೆ ಇನ್ನೂ ಎತ್ತಿರಲಿಲ್ಲ. ಮೊಮ್ಮಗಳು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಕುಂಬಳಕಾಯಿಗಳನ್ನು ತಂದು ಶೆಟ್ಟಿ-ಶೆಟ್ಟಿತಿಯರ ಅಂಗಡಿಗೆ ಜೋಡಿಸಿದಳು. ಶೆಟ್ಟರ ಹೊಟ್ಟೆಯ ಪಕ್ಕದಲ್ಲಿ ಆ ಪುಟ್ಟ ಕಾಯಿ ರಾಕ್ಷಸಾಕಾರವಾಗಿ ಕಂಡಿತು. ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಎಂಬಲ್ಲಿ 2023ರಲ್ಲಿ ತೂಗಿದ ಒಂದು ಕುಂಬಳಕಾಯಿ 1,247 ಕಿಲೋ ಇತ್ತಂತೆ. ಅದರ ಪಕ್ಕ ನಿಂತ ಬೆಳೆಗಾರನೂ ಶೆಟ್ಟರ ಹಾಗೆಯೇ ಕಂಡಿರಬೇಕು.

ನನ್ನ ಪಾಲಿಗೆ ಒಂದು ಕಾಯಿ ಬಂತು. ಮುಖ ಕೆತ್ತಲು ಮನಸ್ಸಾಗಲಿಲ್ಲ, ರಂಗೋಲಿ ಹಾಕಿದೆ. ಅಕ್ಕಿಹಿಟ್ಟು ಗಟ್ಟಿಯಾಗಿ ಕಲಸಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಚುಕ್ಕಿ ಇಟ್ಟೆ. ನೆಲದ ರಂಗೋಲಿಗೆ ಅಂಚು ಇರುತ್ತದೆ, ಕುಂಬಳಕಾಯಿಗೆ ಅಂಚಿಲ್ಲ. ಇತ್ತಣಿಂದ ಹೊರಟ ಎಳೆ ಸುತ್ತಿ ಬಂದು ಅತ್ತಣ ಎಳೆಯನ್ನು ಕೂಡಲೇಬೇಕು. ನಡುವೆ ಕಾಯಿಯ ಏಣುಗಳು ಬೇರೆ, ಅವು ಎಷ್ಟಿವೆಯೋ ಅಷ್ಟೇ, ನಮ್ಮ ಚುಕ್ಕಿಯ ಲೆಕ್ಕಕ್ಕೆ ಬಗ್ಗುವುದಿಲ್ಲ. ತೊಟ್ಟಿನ ಕೆಳಗೆ ಒಂದು ಹಂಸದ ಕೊಕ್ಕು ಇನ್ನೊಂದು ಹಂಸದ ಬಾಲ ಕಚ್ಚಿತು. ಪಕ್ಕದ ಮನೆಯಾಕೆ ಬಂದು ಮೆಚ್ಚಿ ಫೋಟೋ ತೆಗೆದದ್ದು ಆ ಕಡೆಯದ್ದನ್ನೇ.

ಅಕ್ಕಿಹಿಟ್ಟಿನ ರಂಗೋಲಿ ಇರುವೆ, ಅಳಿಲುಗಳ ಹೊಟ್ಟೆಗೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಇಲ್ಲಿಯ ಅಳಿಲು ಎಲೆಯ ಜೊತೆ ತಟ್ಟೆಯನ್ನೂ ತಿನ್ನುವ ಜಾತಿ. ಎರಡು ಹಂಸ ಮುಗಿಸಿ ಒಳಗಿನ ಬೀಜಕ್ಕೆ ದಾರಿ ಮಾಡತೊಡಗಿತು. ಖಾರದ ಪುಡಿ ಉದುರಿಸಿದರೆ ಬರುವುದಿಲ್ಲ ಎಂದರು, ಊರಿಂದ ತಂದಿದ್ದ ಬ್ಯಾಡಗಿ ಪುಡಿ ಉದುರಿಸಿದೆ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅಳಿಲಿಗೆ ಒಗ್ಗರಣೆ ಹಾಕಿ ಬಡಿಸಿದಂತಾಯಿತು.

ಹ್ಯಾಲೋವೀನ್ ಕಳೆದ ಮೇಲೆ ಇಷ್ಟು ಕಾಯಿಯನ್ನು ಏನು ಮಾಡುತ್ತಾರೆ ಎಂಬುದೇ ನನ್ನ ಚಿಂತೆ. ಹೇಳುವ ಬಾಯಿ ನಮಗೂ ಇಲ್ಲ ಅನ್ನಿ, ಆಯುಧಪೂಜೆಯ ಮಾರನೆಯ ಬೆಳಿಗ್ಗೆ ನಮ್ಮ ರಸ್ತೆಗಳಲ್ಲಿ ಬೈಕು ಜಾರುವುದೂ ಪೌರಕಾರ್ಮಿಕರು ಬಗ್ಗಿ ಬಾಚುವುದೂ ಎಲ್ಲರಿಗೂ ಗೊತ್ತು. ಇಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಕಸದ ಗುಂಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮಿಥೇನ್ ಅನಿಲವಾಗುತ್ತದೆ, ಅದಕ್ಕಿಂತ ಗೊಬ್ಬರವಾಗಲಿ ಎಂದು ಚಿಕಾಗೋ ಸುತ್ತಲಿನ ಹಲವು ಊರುಗಳಲ್ಲಿ ನವೆಂಬರ್ ಮೊದಲಲ್ಲಿ ಎಲ್ಲರೂ ಕಾಯಿ ತಂದು ಒಂದೆಡೆ ಒಡೆಯುತ್ತಾರೆ. ಅಳಿಯ ತನ್ನ ಹಳೆಯ ಟೀ ಶರ್ಟ್ ಹಾಕಿಕೊಂಡು ಹೊರಟ. ಅದರ ಮೇಲಿದ್ದದ್ದು ‘ಸ್ಮ್ಯಾಶಿಂಗ್ ಪಂಪ್ಕಿನ್ಸ್’. ಇದೇ ಚಿಕಾಗೋದಲ್ಲಿ 1988ರಲ್ಲಿ ಹುಟ್ಟಿದ ರಾಕ್ ತಂಡವಂತೆ. ನಾನು ಕಾರ್ಯಕ್ರಮದ ಸಮವಸ್ತ್ರವೆಂದುಕೊಂಡೆ.

ಬಾಗಿಲಲ್ಲೇ ತಪಾಸಣೆ. ಮೇಣದಬತ್ತಿ ಇರಬಾರದು, ಬಣ್ಣ ಇರಬಾರದು, ಲೋಹ ಇರಬಾರದು. ಸ್ವಯಂಸೇವಕಿ ನನ್ನ ರಂಗೋಲಿಯ ಅವಶೇಷ ಕಂಡು ಹುಬ್ಬೇರಿಸಿದಳು. ಅಕ್ಕಿಹಿಟ್ಟು ಎಂದ ಮೇಲೆ ಬಿಟ್ಟಳು. ಒಳಗೆ ಹಾಕಲೆಂದು ನಾಣ್ಯ ಹಿಡಿದಿದ್ದ ನಮ್ಮವರು ಅದನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಉಳಿದವರು ಬ್ಯಾಟು, ಸುತ್ತಿಗೆ ಹಿಡಿದು ಹೇಗೆಂದರೆ ಹಾಗೆ ಬಡಿಯುತ್ತಿದ್ದರು. ನಮ್ಮವರು ಆ ಚಳಿಯಲ್ಲೂ ಶೂ ಬಿಚ್ಚಿ, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಅಳಿಯನ ಕಾರಿಗೆ ಮೂರು ಸಲ ನಿವಾಳಿಸಿ ಬಂದು ಅಪ್ಪಳಿಸಿದರು. ಹಿಂದಿದ್ದ ಹಿರಿಯರೊಬ್ಬರು ಇದೇನೆಂದು ವಿಚಾರಿಸಿದರು. ಗಾಡಿಗೆ ಕೆಟ್ಟ ಕಣ್ಣು ತಾಗದಿರಲಿ ಅಂತ ಎಂದ ಅಳಿಯ. ಆತ ತಮ್ಮ ಪಿಕಪ್ ಟ್ರಕ್ ಕಡೆ ನೋಡಿದರು, ಕೈಲಿದ್ದ ಕಾಯಿ ನೋಡಿದರು, ತೆಗೆದು ನಮ್ಮವರಿಗೆ ಕೊಟ್ಟರು. ಅವರ ಹಿಂದಿದ್ದವರೂ ಕೊಟ್ಟರು. ಆ ಮಧ್ಯಾಹ್ನ ನಮ್ಮವರು ಒಂದು ಶಾಲಾ ವಾಹನವೂ ಸೇರಿದಂತೆ ಸಿಕ್ಕ ಗಾಡಿಗೆಲ್ಲ ದೃಷ್ಟಿ ತೆಗೆದರು. ದಕ್ಷಿಣೆಯಾಗಿ ಒಬ್ಬಾಕೆ ಡೋನಟ್ ಕೊಟ್ಟಳು. ಮಗಳು ಕಾರಿನಿಂದ ಇಳಿಯಲೇ ಇಲ್ಲ.