ಯೆಜ್ಡಿ ಮಾವನ ಬಲಗಾಲು

ಮೈಸೂರಿನಲ್ಲಿ ಬೀದಿಗೊಬ್ಬರು ಯೆಜ್ಡಿ ಮಾವ ಇದ್ದೇ ಇರುತ್ತಾರೆ. ಯೆಜ್ಡಿ ಬೈಕು ತಯಾರಿಸುತ್ತಿದ್ದ ಯಾದವಗಿರಿಯ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು; ಮಾವನ ಗತ್ತು ಇನ್ನೂ ಹಾಕಿಲ್ಲ. ಬೈಕಿಗೆ ಎರಡು ಬ್ರೇಕು ಎಂಬುದು ಅವರಿಗೂ ಗೊತ್ತು. ಆದರೆ ಬಲಗಾಲಿನದು ಬ್ರೇಕು, ಬಲಗೈಯದು ತರಕಾರಿ ಚೀಲ ನೇತುಹಾಕುವ ಕೊಕ್ಕೆ.

"ಮುಂದಿನ ಬ್ರೇಕ್ ಮುಟ್ಟಿದ್ಯೋ, ಗಾಡಿ ಪಲ್ಟಿ!" ಹೊಸದಾಗಿ ಕಲಿಯುವ ಹುಡುಗರಿಗೆಲ್ಲ ಇದೇ ಮೊದಲ ಉಪದೇಶ. ಈ ಸಿದ್ಧಾಂತದ ಬೇರು ಹುಡುಕಿದರೆ, ವಯಸ್ಸಿನಲ್ಲೊಮ್ಮೆ ತಿರುವಿನಲ್ಲಿ, ಮರಳಿನ ಮೇಲೆ, ಹ್ಯಾಂಡಲ್ ಓರೆಯಾಗಿದ್ದಾಗಲೇ ಲಿವರನ್ನು ಗಬಕ್ಕನೆ ಹಿಡಿದ ಕಥೆ ಸಿಗುತ್ತದೆ. ಹಾಗೆ ಹಿಡಿದರೆ ಯಾರೇ ಆದರೂ ಬೀಳುತ್ತಾರೆ. ಮಾವ ಮರಳನ್ನು ಬೈಯಲಿಲ್ಲ, ತಿರುವನ್ನು ಬೈಯಲಿಲ್ಲ. ಬ್ರೇಕಿಗೆ ಆಜೀವ ಬಹಿಷ್ಕಾರ ಹಾಕಿದರು.

ಪೂರ್ತಿ ತಪ್ಪು ಅವರದೂ ಅಲ್ಲ ಬಿಡಿ. ಲೈಸೆನ್ಸಿಗೆ ಎಂಟು ಹಾಕಿಸುತ್ತಾರೆ. ಆ ಆಮೆನಡಿಗೆಗೆ ಹಿಂದಿನ ಬ್ರೇಕೇ ಸರಿ.

ಎಂಜಿನಿಯರಿಂಗ್ ಓದುವ ಅಳಿಯ ಒಮ್ಮೆ ತಿದ್ದಲು ಹೋದ. "ಮಾವ, ಬ್ರೇಕ್ ಹಾಕಿದ ತಕ್ಷಣ ಭಾರ ಮುಂದಕ್ಕೆ ಬರುತ್ತೆ. ಹಿಂದಿನ ಚಕ್ರ ಹಗುರಾಗಿ ಲಾಕ್ ಆಗುತ್ತೆ, ಗಾಡಿ ಬಾಲ ಬೀಸುತ್ತೆ. ನೇರ ರಸ್ತೆಯಲ್ಲಿ ಎರಡೂ ಹಾಕ್ಬೇಕು. ಹೆಚ್ಚಿನ ಕೆಲಸ ಮುಂದಿನದರದ್ದೇ. ನಿಂಬೆಹಣ್ಣು ಹಿಂಡಿದ ಹಾಗೆ ಮೆತ್ತಗೆ ಶುರು ಮಾಡಿ, ಬಿಗಿ ಮಾಡ್ತಾ ಹೋಗಿ."

"ನಾನು ಗಾಡಿ ಓಡಿಸಕ್ಕೆ ಶುರು ಮಾಡಿದಾಗ ನಿಮ್ಮಮ್ಮನಿಗೆ ಮದುವೇನೇ ಆಗಿರಲಿಲ್ಲ ಕಣೋ."

ಈ ವಾದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಹಿಂದಿನ ಬ್ರೇಕ್ ಶೂ ಪದೇ ಪದೇ ಸವೆಯುತ್ತದೆ, ಮುಂದಿನ ಕೇಬಲ್ಲಿಗೆ ತುಕ್ಕು. "ಮುಂದಿನ ಶೂ ಹೊಸದ್ರ ಹಾಗೇ ಇದೆ ಸಾರ್" ಎಂದು ಮೆಕ್ಯಾನಿಕ್ ಗೊಣಗಿದರೆ, ಮಾವ ಅದನ್ನು ಉಳಿತಾಯದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಕೊನೆಗೆ ಮಂಡಿನೋವು ಕಿಕ್ ಹೊಡೆಯಲು ಬಿಡದೆ, ಸೆಲ್ಫ್ ಸ್ಟಾರ್ಟಿನ 125 ಸಿಸಿ ಗಾಡಿ ಮನೆಗೆ ಬಂತು. 2019ರ ಏಪ್ರಿಲ್‌ನಿಂದ ಇಂಥ ಹೊಸ ಗಾಡಿಗಳಲ್ಲಿ ಎಬಿಎಸ್ ಇಲ್ಲದಿದ್ದರೆ ಸಿಬಿಎಸ್ ಇರಲೇಬೇಕು: ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ತಾನೇ ತುಸು ಹಿಡಿಯುತ್ತದೆ. ಶೋರೂಮಿನ ಹುಡುಗ ಇದನ್ನೆಲ್ಲ ಒಪ್ಪಿಸುವಾಗ ಮಾವ ಫ್ರೀ ಹೆಲ್ಮೆಟ್ಟಿನ ಚೌಕಾಸಿಯಲ್ಲಿದ್ದರು.

ದೇವರಾಜ ಮಾರುಕಟ್ಟೆಯ ಹತ್ತಿರ ಹಸುವೊಂದು ಅಡ್ಡ ಬಂತು. ಗಾಡಿ ಬಾಲ ಬೀಸದೆ, ನೆಟ್ಟಗೆ ನಿಂತಿತು. ಮಾವ ಹಿಂದೆ ಕೂತಿದ್ದ ಅಳಿಯನತ್ತ ತಿರುಗಿ ಮೀಸೆ ತೀಡಿದರು:

"ನೋಡ್ದೇನೋ? ಮುಂದಿನ ಬ್ರೇಕ್ ಮುಟ್ಟೇ ಇಲ್ಲ!"